ಮೀನುಗಳ ಚಾತುರ್ಮಾಸ್ಯ

ಅದಿತಿ ತೋಳನ್ನು ಭುಜದವರೆಗೂ ಹಸಿರು ನೀರಿನಲ್ಲಿ ಮುಳುಗಿಸಿ ಟಾಯ್ಲೆಟ್ ಬ್ರಷ್ಷನ್ನು ಒಂದೇ ದಿಕ್ಕಿಗೆ ತಿರುವುತ್ತಿದ್ದಳು. ತಿರುವಿದಷ್ಟೂ ಪಾಚಿ ಬ್ರಷ್ಷಿಗೆ ಸುತ್ತಿಕೊಳ್ಳುತ್ತಿತ್ತು. ಭಾರ ಹೆಚ್ಚಾದ ಮೇಲೆ ಹೊರಗೆಳೆದಳು. ನೂಲಿನಂಥ ಹಸಿರು ಎಳೆಗಳು ನೀರಿಳಿಸುತ್ತ ಮೊಣಕೈಯಿಂದ ಜೋತುಬಿದ್ದವು.

"ಒತ್ತುಶಾವಿಗೆ ಚೆನ್ನಾಗಿ ಬಂದಿದೆ," ಎಂದರು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ ಅವಳ ಅತ್ತೆ ಶಾರದಮ್ಮ. "ಕಾಯಿಹಾಲು ಮಾಡಲಾ?"

"ಮಾಡಿ ಅತ್ತೆ. ನಿಮ್ಮ ಮಗನಿಗೆ ಬಡಿಸೋಣ."

"ಆ ಬ್ರಷ್ಷು..."

"ಹೊಸದು."

"ನಾನು ಕೇಳಿದೆನಾ?"

"ಮುಖದಲ್ಲೇ ಕೇಳ್ತಿದ್ರಿ."

ಕಾಂಪೌಂಡು ಗೋಡೆಯ ಮೇಲೆ ಒಂದು ತಲೆ ಮೂಡಿತು. ಕಾಲೋನಿ ಸಂಘದ ಕಾರ್ಯದರ್ಶಿ ಭಾಟಿಯಾ ಬೆಳಗಿನ ವಾಕಿಂಗಿನಲ್ಲಿದ್ದರು. ಎಲ್ಲರ ಮನೆಯ ಹಿಂಭಾಗವನ್ನು ನೋಡಲು ಅನುಕೂಲವಾಗುವ ದಾರಿಯಲ್ಲೇ ಅವರು ವಾಕಿಂಗ್ ಮಾಡುತ್ತಿದ್ದರು.

"ಅದಿತಿ ಬೇಟಾ! ದಸರೆ ಹಿಂದಿನ ಸಂಡೇ. ಯಾದ್ ಹೈ ನಾ?"

"ಯಾದ್ ಹೈ ಅಂಕಲ್. ಆದ್ರೆ ಈ ಮೀನುಗಳೇ ಸೊಳ್ಳೆ ಮರಿಗಳನ್ನು ತಿಂದುಬಿಡುತ್ತವೆ ಅಂತ ನಾನು ಹೇಳಿದೆನಲ್ಲ."

"ತಿನ್ನುತ್ತವೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಒಳಗೆ ಏನೂ ಕಾಣೋದೇ ಇಲ್ಲವಲ್ಲ! ತಳ ಕಾಣಿಸು, ಇಟ್ಕೋ. ಕಾಣಿಸದಿದ್ರೆ ಮಿಟ್ಟಿ." ಎರಡು ಕೈಯಿಂದ ಮಣ್ಣು ಸುರಿಯುವ ಅಭಿನಯ ಮಾಡಿ ತಲೆ ಮುಂದೆ ಸಾಗಿತು.

ಆ ವರ್ಷ ದೆಹಲಿಯಲ್ಲಿ ಎಲ್ಲರ ಬಾಯಲ್ಲೂ ಡೆಂಗಿಯದೇ ಮಾತು. ಕೂಲರುಗಳು ಬರಿದಾಗಿದ್ದವು, ಹೂಕುಂಡದ ತಟ್ಟೆಗಳು ಮಗುಚಿದ್ದವು. ಆರ್.ಕೆ.ಪುರಂನ ಆ ಬ್ಲಾಕಿನಲ್ಲಿ ನಿಂತ ನೀರು ಅಂತ ಉಳಿದಿದ್ದು ಈ ನೆಲಮಹಡಿ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಮಾತ್ರ. ಹಿಂದೆ ಇದ್ದವರು ತರಕಾರಿ ಗಿಡಗಳಿಗೆಂದು ಕಟ್ಟಿಸಿದ್ದ ಸಿಮೆಂಟು ತೊಟ್ಟಿ ಅದು. ಅದಿತಿ ಅದನ್ನು ಉಜ್ಜಿ, ಬಿರುಕು ಮುಚ್ಚಿಸಿ, ಗೋಲ್ಡ್‌ಫಿಶ್ ತಂದು ಬಿಟ್ಟಿದ್ದಳು. ಗುಡಗಾಂವದ ಆಫೀಸಿನಲ್ಲಿ ದಿನವಿಡೀ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಾಣದವರ ದೂರುಗಳಿಗೆ ಸವಿಯಾಗಿ ಉತ್ತರ ಕೊಟ್ಟು ಬಂದವಳು, ಸಂಜೆ ಆ ತೊಟ್ಟಿಯ ಅಂಚಿನಲ್ಲಿ ಕೂರುತ್ತಿದ್ದಳು. ಮೀನುಗಳು ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಏನೂ ಕೇಳುತ್ತಿರಲಿಲ್ಲ. ಎರಡು ಕೋಣೆಯ ಆ ಮನೆಯಲ್ಲಿ ಅವಳಿಗೆ ಉತ್ತರ ಕೊಡುವ ಕೆಲಸವಿಲ್ಲದ ಜಾಗ ಅದೊಂದೇ.

ಗಂಡ ಚಂದ್ರಕಾಂತ ಸಚಿವಾಲಯವೊಂದರಲ್ಲಿ ಅಸಿಸ್ಟೆಂಟ್. ಯಾವ ವಿಷಯಕ್ಕೂ ಜಗಳ ಬೇಡ ಎನ್ನುವವನು. "ಮುಚ್ಚಿಬಿಡೋಣ ಕಣೇ," ಎಂದಿದ್ದ. "ಕ್ವಾರ್ಟರ್ಸ್ ನಮ್ಮದಲ್ಲ, ತೊಟ್ಟಿ ನಮ್ಮದಲ್ಲ. ಮೀನು ಯಾರಿಗಾದ್ರೂ ಕೊಟ್ಟುಬಿಡು." ಆದರೂ ಅವುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದಕ್ಕೆ ಜಾಯಿಂಟ್ ಸೆಕ್ರೆಟರಿ ಎಂದು ಹೆಸರಿಟ್ಟವನು ಅವನೇ. ಸದಾ ಬಾಯಿ ತೆರೆದಿರುತ್ತದೆ, ಒಂದು ಮಾತೂ ಹೊರಬರುವುದಿಲ್ಲ ಎಂಬುದು ಅವನ ಕಾರಣ.

ಅದಿತಿ ಆಫೀಸಿನ ಇಂಟರ್ನೆಟ್ಟಿನಲ್ಲಿ ಎಲ್ಲ ಓದಿಕೊಂಡಿದ್ದಳು. ಪಾಚಿಗೆ ಬೇಕಾದದ್ದು ಬಿಸಿಲು ಮತ್ತು ಊಟ. ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ತೊಳೆದರೆ ಪ್ರಯೋಜನವಿಲ್ಲ. ಗೌರಿ ಹಬ್ಬಕ್ಕೆ ಮನೆ ತೊಳೆಯುವ ಭರದಲ್ಲಿ ತಾಯಿ ಮಗ ಸೇರಿ ತೊಟ್ಟಿಯನ್ನೂ ತಿಕ್ಕಿ ಹೊಳೆಯಿಸಿ ಹೊಸ ನೀರು ತುಂಬಿದ್ದರು. ವಾರ ಕಳೆಯುವುದರೊಳಗೆ ಅದು ಬಟಾಣಿ ಗಸಿಯಾಗಿತ್ತು. ಹಾಗಾಗಿ ಈಗ ಅವಳದೇ ಕ್ರಮ ನಡೆದಿತ್ತು. ತೊಟ್ಟಿಯ ಅರ್ಧಕ್ಕೆ ಹಳೆಯ ವಾಯಿಲ್ ಸೀರೆಯ ಚಪ್ಪರ ಕಟ್ಟಿದ್ದಳು. ನರ್ಸರಿಯಿಂದ ಅಂತರಗಂಗೆ ತಂದು ತೇಲಬಿಟ್ಟಿದ್ದಳು. ತಳದ ಗಸಿಯನ್ನು ಪೈಪಿನಲ್ಲಿ ಎಳೆದು ಕರಿಬೇವಿನ ಗಿಡಕ್ಕೆ ಬಿಡುತ್ತಿದ್ದಳು. ನಲ್ಲಿಯ ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ನಿಲ್ಲಿಸಿ, ಔಷಧಿ ವಾಸನೆ ಹೋದ ಮೇಲೆ ಸ್ವಲ್ಪಸ್ವಲ್ಪವೇ ಸೇರಿಸುತ್ತಿದ್ದಳು. ಮೀನಿನ ಊಟವನ್ನು ಚಿಟಿಕೆಗೆ ಇಳಿಸಿದ್ದಳು.

ಆದರೂ ನೀರು ಹಸಿರಾಗುತ್ತಲೇ ಹೋಯಿತು. ಮೀನುಗಳು ಮಾತ್ರ ಚಿಟಿಕೆ ಊಟದಲ್ಲಿ ಉಬ್ಬುತ್ತಿದ್ದವು. ಜಾಯಿಂಟ್ ಸೆಕ್ರೆಟರಿಗೆ ತಿರುಗಲು ಜಾಗ ಸಾಲುತ್ತಿರಲಿಲ್ಲ.

ಬ್ರಷ್ಷನ್ನು ಬಕೆಟ್ಟಿನಲ್ಲಿ ಜಾಡಿಸುವಾಗ ಅದಿತಿಗೆ ಅಂತರಗಂಗೆಯ ಎಲೆಗಳ ನಡುವೆ ಬೆಳ್ಳಗಿನದೇನೋ ಕಂಡಿತು. ಬೆರಳಲ್ಲಿ ಎತ್ತಿದಳು. ಒಂದು ಮಂಡಕ್ಕಿ.

ಶಾರದಮ್ಮ ಆಕಾಶ ನೋಡಿದರು. ಅವರ ಸೆರಗಿನ ಮರೆಯಲ್ಲಿ ಒಂದು ಡಬ್ಬಿ ಇತ್ತು.

"ಅತ್ತೆ!"

"ಏನಮ್ಮ? ಶೃಂಗೇರಿಯಲ್ಲಿ ಹಾಕಲ್ವಾ? ಅಷ್ಟು ದೊಡ್ಡ ದೊಡ್ಡ ಮೀನು, ದಿನಾ ಸಾವಿರ ಜನ ಹಾಕ್ತಾರೆ. ಅಲ್ಲಿ ನೀರು ಹಸಿರಾಯ್ತಾ?"

"ಅದು ಹೊಳೆ ಅತ್ತೆ, ಹರಿಯುತ್ತೆ! ಇದು ತೊಟ್ಟಿ. ಮೀನು ತಿಂದಿದ್ದು, ಬಿಟ್ಟಿದ್ದು, ಎಲ್ಲ ಇಲ್ಲೇ ಕೊಳೆತು ಪಾಚಿಗೆ ಗೊಬ್ಬರ ಆಗುತ್ತೆ. ಮೇಲಾಗಿ ಈ ಜಾತಿ ಮೀನಿಗೆ ಹೊಟ್ಟೆ ಅಂತಲೇ ಇಲ್ಲ. ಬರೀ ಕರುಳು."

"ಹೊಟ್ಟೆ ಇಲ್ಲದ್ದು ನನ್ನ ನೋಡಿ ಬಾಯಿ ಯಾಕೆ ಬಿಡುತ್ತೆ?"

ವಿಚಾರಿಸಿದಾಗ ಇನ್ನೂ ವಿಷಯಗಳು ಹೊರಬಂದವು. ಹಾಕುತ್ತಿದ್ದವರು ಶಾರದಮ್ಮ ಒಬ್ಬರೇ ಅಲ್ಲ. ಆ ಮನೆಗೆ ಬರುವ ಕನ್ನಡದವರೆಲ್ಲ ಕಾಫಿ ಕುಡಿದು ಹಿತ್ತಿಲಿಗೆ ಹೋಗಿ, ಮೀನು ಕಂಡೊಡನೆ ಚಪ್ಪಲಿ ಬಿಟ್ಟು, ಭಕ್ತಿಯಿಂದ ಒಂದೊಂದು ಹಿಡಿ ಎಸೆದು, ಕೆನ್ನೆ ತಟ್ಟಿಕೊಂಡು ಹೋಗುತ್ತಿದ್ದರು. ದೆಹಲಿಯದೇ ದ್ವಾರಕಾ ಬಡಾವಣೆಯ ಮನೋರಮಾ ಅಂತೂ ಬರುವಾಗ ದಾರಿಯಲ್ಲೇ ಒಂದು ಪೊಟ್ಟಣ ಮುರ್‌ಮುರಾ ಕೊಂಡು ತರುತ್ತಿದ್ದರು. ಡಬ್ಬಿಯನ್ನು ತುಂಬಿಸಿಡುವ ಜವಾಬ್ದಾರಿ ಶಾರದಮ್ಮನದು.

ಅದಿತಿ ಬೇಡಿದಳು, ಗದರಿದಳು, ಡಬ್ಬಿ ಬಚ್ಚಿಟ್ಟಳು. ಮಾರನೆಯ ದಿನ ಹೊಸ ಡಬ್ಬಿ ಬಂತು.

ಆಗ ಅತ್ತೆಯ ಕಾಫಿ ಅವಳ ಕಣ್ಣಿಗೆ ಬಿತ್ತು. ಹಾಲಿಲ್ಲದ ಕಪ್ಪು ಡಿಕಾಕ್ಷನ್. ಅದನ್ನು ಮುಖ ಕಿವಿಚಿಕೊಂಡು ಗುಟುಕರಿಸುತ್ತಿದ್ದರು ಶಾರದಮ್ಮ. ಚಾತುರ್ಮಾಸ್ಯ ನಡೆಯುತ್ತಿತ್ತು. ನಾಲ್ಕು ತಿಂಗಳ ಆ ವ್ರತದಲ್ಲಿ ತಿಂಗಳಿಗೊಂದನ್ನು ಬಿಡಬೇಕು. ಈ ತಿಂಗಳ ಸರದಿ ಹಾಲಿನದು. ಅದಿತಿ ಪಕ್ಕದಲ್ಲಿ ಕೂತು, ಬಹಳ ಗಂಭೀರವಾಗಿ ಹೇಳಿದಳು:

"ಅತ್ತೆ, ನಿಮಗೆ ಹೇಳೋದೇ ಮರೆತೆ. ಮೀನುಗಳ ಕೈಲಿ ಸಂಕಲ್ಪ ಮಾಡಿಸಿದೀನಿ. ಧಾರಣ-ಪಾರಣ."

ಶಾರದಮ್ಮನ ಲೋಟ ಗಾಳಿಯಲ್ಲಿ ನಿಂತಿತು. ಧಾರಣ-ಪಾರಣವೆಂದರೆ ಒಂದು ದಿನ ಪೂರ್ತಿ ಉಪವಾಸ, ಮರುದಿನ ಊಟ, ಮತ್ತೆ ಉಪವಾಸ. ಅವರಿಗೆ ಜೀವಮಾನವಿಡೀ ಆಸೆಯಿದ್ದ ವ್ರತ ಅದು. ಬಿಪಿ ಮಾತ್ರೆಗಳು ಬಿಟ್ಟಿರಲಿಲ್ಲ.

"ಮೀನಿಗೆಂಥ ಸಂಕಲ್ಪ?"

"ಮತ್ಸ್ಯಾವತಾರದ ವಂಶ ಅಲ್ವಾ ಅತ್ತೆ? ನಮಗಿಂತ ಹಳೇ ಮನೆತನ."

ಶಾರದಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದರು. ಅದಿತಿ ಕಣ್ಣು ಮಿಟುಕಿಸಲಿಲ್ಲ. ಹೆಡ್‌ಫೋನಿನ ಕೆಲಸದಲ್ಲಿ ಕಲಿತ ವಿದ್ಯೆ ಅದು.

"ಪಾರಣೆ ದಿನ ಊಟ ಯಾರು ಹಾಕ್ತಾರೆ?"

"ನಾನೇ. ಒಂದು ಚಿಟಿಕೆ. ಸಂಕಲ್ಪ ಮಾಡಿಸಿದವರೇ ಹಾಕಬೇಕಲ್ಲ."

ಇನ್ನೊಬ್ಬರ ವ್ರತ ಕೆಡಿಸುವುದಕ್ಕಿಂತ ದೊಡ್ಡ ಪಾಪ ಶಾರದಮ್ಮನ ಲೆಕ್ಕದಲ್ಲಿರಲಿಲ್ಲ. ಡಬ್ಬಿ ಅಡುಗೆಮನೆಗೆ ವಾಪಸು ಹೋಯಿತು. ಅಂದಿನಿಂದ ಅವರು ಮೆಟ್ಟಿಲ ಮೇಲೆ ಕೂರುತ್ತಿದ್ದದ್ದು ಕಾವಲಿಗೆ. ಪೊಟ್ಟಣ ಹಿಡಿದು ಬಂದ ಮನೋರಮಾರನ್ನು ದೂರದಿಂದಲೇ ತಡೆದರು.

"ಹಾಕಬೇಡಿ. ಧಾರಣ-ಪಾರಣದಲ್ಲಿವೆ."

ಮನೋರಮಾ ನಗಲಿಲ್ಲ. "ಹೌದಾ! ಇವತ್ತು ಧಾರಣವೋ ಪಾರಣವೋ?" ಎಂದು ತಗ್ಗಿದ ದನಿಯಲ್ಲಿ ಕೇಳಿ, ಪೊಟ್ಟಣವನ್ನು ಚೀಲದೊಳಗೆ ಸೇರಿಸಿ, ತೊಟ್ಟಿಗೆ ಕೈಮುಗಿದರು. "ನಮ್ಮ ಮನೆಯವರು ಏಕಾದಶಿ ದಿನ ಆಫೀಸ್ ಕ್ಯಾಂಟೀನಲ್ಲಿ ಸಮೋಸ ತಿಂತಾರೆ. ಇವನ್ನು ನೋಡಿ ಕಲೀಬೇಕು."

ನೀರು ತಿಳಿಯಾಗತೊಡಗಿತು. ಮೊದಲು ಹಸಿರು ಹಳದಿಗೆ ತಿರುಗಿತು. ಆಮೇಲೆ ಅಂತರಗಂಗೆಯ ಬೇರುಗಳು ಕಂಡವು. ಒಂದು ಸಂಜೆ, ಒಳಗಿಟ್ಟಿದ್ದ ಹೂಕುಂಡದ ಕಂಠ ಮಸುಕಾಗಿ ಕಂಡಾಗ ಅದಿತಿ ಅಂಚಿನಲ್ಲಿ ಕೂತಲ್ಲೇ ಸಣ್ಣಗೆ ಸಿಳ್ಳೆ ಹಾಕಿದಳು. ಹೊಟ್ಟೆ ಕರಗಿದ ಜಾಯಿಂಟ್ ಸೆಕ್ರೆಟರಿ ಎಳೆಯ ಗುಮಾಸ್ತನ ಚುರುಕಿನಲ್ಲಿ ಗೋಡೆಯ ಪಾಚಿಯನ್ನು ತಾನೇ ಕೆರೆದು ತಿನ್ನುತ್ತಿದ್ದ.

ಎಡವಟ್ಟಾದದ್ದು ಶಾರದಮ್ಮನ ಹಿಂದಿಯಿಂದಲ್ಲ. ಅವರ ಹಿಂದಿ ಅವತ್ತು ಚೆನ್ನಾಗಿಯೇ ಇತ್ತು. ಕಾರ್ಯದರ್ಶಿಯ ಹೆಂಡತಿ, ಪಕ್ಕದ ಮನೆಯ ಭಾಟಿಯಾ ಆಂಟಿ, ಗೋಡೆಯ ಮೇಲಿಂದ ರೊಟ್ಟಿಯ ತುಣುಕು ಎಸೆಯಲು ಕೈಯೆತ್ತಿದಾಗ ಶಾರದಮ್ಮ ಸ್ಪಷ್ಟವಾಗಿ ಹೇಳಿದರು: "ನಹೀ! ಮಛಲೀ ಕಾ ವ್ರತ್ ಹೈ!"

ಆಂಟಿಯ ಕೈ ಇಳಿಯಿತು. ದುಪಟ್ಟಾ ತಲೆಯ ಮೇಲೇರಿತು. "ಹಾಯ್ ರಬ್ಬಾ," ಎಂದರು. "ಮಛಲಿಯಾಂ ಭೀ?"

ಮರುದಿನ ನವರಾತ್ರಿ ಶುರು. ಬೆಳಿಗ್ಗೆಯೇ ಆಂಟಿ ಸ್ನಾನ ಮಾಡಿ, ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಹಿತ್ತಿಲ ಬಾಗಿಲಿಗೆ ಬಂದರು. ತಟ್ಟೆಯಲ್ಲಿ ಗೋಧಿಯ ಬದಲು ಕುಟ್ಟು ಎಂಬ ಕಾಳಿನ ಹಿಟ್ಟಿನ ಪೂರಿ, ಸಾಬೂದಾನಿ ಖಿಚಡಿ, ಸೈಂಧವ ಲವಣ ಹಾಕಿದ ಆಲೂಗಡ್ಡೆ.

"ವ್ರತ್ ಕಾ ಖಾನಾ," ಎಂದು ಹೇಳಿ, ಯಾರೂ ತಡೆಯುವ ಮೊದಲೇ ಖಿಚಡಿಯನ್ನು ನೀರಿಗೆ ಸುರಿದರು.

ಶಾರದಮ್ಮ ಸೊಸೆಯನ್ನು ಒಳಗೆ ಎಳೆದುಕೊಂಡು ಹೋದರು. "ಉಪವಾಸ ಅಂತ ಹೇಳಿದೆನಲ್ಲೇ! ಪೂರಿ ತಂದಿದಾಳೆ?"

"ಇಲ್ಲಿ ಉಪವಾಸ ಅಂದ್ರೆ ಅದೇ ಅತ್ತೆ. ಅನ್ನ, ಗೋಧಿ ಬಿಟ್ಟು ಇದನ್ನೆಲ್ಲ ತಿಂತಾರೆ."

"ಹೊಟ್ಟೆ ತುಂಬ?"

"ಹೊಟ್ಟೆ ತುಂಬ."

ಶಾರದಮ್ಮ ಬಾಗಿಲ ಸಂದಿಯಿಂದ ಪೂರಿಯ ತಟ್ಟೆಯತ್ತ ಇಣುಕಿದರು. "ಹಾಗಾದ್ರೆ ಈ ಊರಿಗೆ ಬಂದಾಗಿಂದ ನಾನು ಸುಮ್ಮನೆ ಹಸಿದುಕೊಂಡಿದ್ದೆನಾ?"

ವ್ರತಸ್ಥರಿಗೆ ಊಟ ಹಾಕಿದರೆ ವ್ರತ ಮಾಡಿದವರಿಗಿಂತ ಹೆಚ್ಚು ಪುಣ್ಯವೆಂದು ಆಂಟಿ ಬ್ಲಾಕಿನಲ್ಲೆಲ್ಲ ಹೇಳಿದರು. ಎರಡನೆಯ ದಿನ ಮೂರನೆಯ ಮಹಡಿಯವರು ಬಂದರು. ಆಮೇಲೆ ಎದುರು ಬ್ಲಾಕಿನವರು, ಚೆಂಡುಹೂವಿನ ಹಾರದೊಡನೆ. ಮಂಡಕ್ಕಿಯಾದರೆ ತೇಲುತ್ತಿತ್ತು, ಬಲೆಯಲ್ಲಿ ಎತ್ತಬಹುದಿತ್ತು. ಸಾಬೂದಾನಿ ಮುಳುಗಿ ತಳದಲ್ಲಿ ಅಂಟಾಗಿ ಕೂತಿತು. ಹೂಕುಂಡದ ಕಂಠ ಮತ್ತೆ ಮಾಯವಾಯಿತು.

ಅದಿತಿ ಆಂಟಿಯ ಮನೆಗೇ ಹೋಗಿ ಹೇಳಿದಳು. "ಆಂಟಿ, ಇದರಿಂದ ಪಾಚಿ ಬೆಳೆಯುತ್ತೆ. ಭಾನುವಾರ ಅಂಕಲ್ಲೇ ಬಂದು ತೊಟ್ಟಿ ಮುಚ್ಚಿಸಿಬಿಡ್ತಾರೆ."

"ಮುಚ್ಚಿಸಲಿ ಬೇಟಾ," ಎಂದರು ಆಂಟಿ ಆಲೂ ಸಿಪ್ಪೆ ಸುಲಿಯುತ್ತ. "ಅವರ ಕೆಲಸ ಅವರು ಮಾಡ್ತಾರೆ, ನನ್ನ ಧರ್ಮ ನಾನು ಮಾಡ್ತೀನಿ. ಇಪ್ಪತ್ತೆಂಟು ವರ್ಷದಿಂದ ಹೀಗೇ ನಡೆದಿದೆ ನಮ್ಮ ಮನೆ."

"ವ್ರತ ಅಂತ ನಾನು ಸುಮ್ಮನೆ ತಮಾಷೆಗೆ..."

"ಭಕ್ತಿಗೆ ನಾಚ್ಕೋಬಾರದು," ಎಂದು ಆಂಟಿ ಅವಳ ಕೆನ್ನೆ ಸವರಿದರು.

ಆ ಸಂಜೆ ಅದಿತಿ ತೊಟ್ಟಿಯ ಅಂಚಿನಲ್ಲಿ ಕೂತಳು. ನೀರಿನಲ್ಲಿ ಅವಳ ಮುಖವೇ ಕಾಣಲಿಲ್ಲ. ಭಾನುವಾರದ ನಂತರ ಇಲ್ಲಿ ಮಣ್ಣಿರುತ್ತದೆ, ಮಣ್ಣಿನ ಮೇಲೆ ಅತ್ತೆ ಮೆಂತ್ಯ ಸೊಪ್ಪು ಹಾಕುತ್ತಾರೆ, ತಾನು ಆಫೀಸಿನಿಂದ ಬಂದು ಮೆಂತ್ಯ ಸೊಪ್ಪಿನೆದುರು ಕೂರಬೇಕು. ಶಾರದಮ್ಮ ಬಂದು ಪಕ್ಕದಲ್ಲಿ ಕೂತರು. ಅಳುತ್ತಿದ್ದಾಳೋ ಇಲ್ಲವೋ ಎಂದು ಬಗ್ಗಿ ನೋಡಿ, ಇನ್ನೂ ಇಲ್ಲವೆಂದು ಖಚಿತವಾದ ಮೇಲೆ ಮಾತು ತೆಗೆದರು.

"ಯಾವ ಗೋತ್ರದಲ್ಲಿ ಸಂಕಲ್ಪ ಮಾಡಿಸಿದೆ ಅಂತ ನಾನು ಕೇಳಲಿಲ್ಲ. ಕೇಳೋದೂ ಇಲ್ಲ."

ಅದಿತಿ ತಲೆ ತಗ್ಗಿಸಿದಳು.

"ಮೊನ್ನೆ ನಿಮ್ಮ ಮಾವನ ಪಕ್ಷ ಮಾಡಿದ್ವಲ್ಲ. ವಡೆ, ಪಾಯಸ, ಎಲ್ಲ ಯಾರು ತಿಂದ್ರು?"

"ಆಚಾರ್ರು."

"ನಿಮ್ಮ ಮಾವನಿಗೆ ಮುಟ್ಟಿತೋ ಇಲ್ಲವೋ?"

"ಮುಟ್ಟಿತು."

"ಮತ್ತೆ?"

ಇಬ್ಬರೂ ಒಟ್ಟಿಗೆ ಹಿಂಬಾಗಿಲ ಕಡೆ ತಿರುಗಿದರು. ಆಗತಾನೇ ಆಫೀಸಿನಿಂದ ಬಂದ ಚಂದ್ರಕಾಂತ ಮೆಟ್ಟಿಲ ಮೇಲೆ ಕೂತು ಕಾಲುಚೀಲ ಕಳಚುತ್ತಿದ್ದ.

"ಏನು?" ಎಂದ ಅವನು.

ಭಾಟಿಯಾ ಆಂಟಿಗೆ ವಿಷಯ ಅರ್ಥ ಮಾಡಿಸುವುದು ಏನೂ ಕಷ್ಟವಾಗಲಿಲ್ಲ. ಮೀನುಗಳ ಪರವಾಗಿ ಮನೆಯ ಯಜಮಾನ ಉಣ್ಣಬೇಕು, ನೀರಿಗೆ ಹಾಕಿದರೆ ಫಲ ನೀರಿಗೇ ಹೋಗುತ್ತದೆ, ಅದು ನಮ್ಮ ಕಡೆಯ ಪದ್ಧತಿ ಎಂದು ಅದಿತಿ ಹೇಳಿ ಮುಗಿಸುವ ಮೊದಲೇ ಆಂಟಿಯ ಕಣ್ಣರಳಿತು. ನವರಾತ್ರಿಯ ಕೊನೆಗೆ ಅವರು ಪುಟ್ಟ ಹುಡುಗಿಯರನ್ನು ಕೂರಿಸಿ, ದೇವಿಗೆಂದು ಪೂರಿ ಹಲ್ವಾ ಉಣಿಸುವುದಿಲ್ಲವೇ? "ಅಚ್ಛಾ, ಕಂಜಕ್ ಜೈಸಾ!" ಎಂದರು. "ಮೊದಲೇ ಹೇಳಬಾರದಿತ್ತಾ?"

ಹೀಗೆ ಚಂದ್ರಕಾಂತ ಪ್ರತಿ ಬೆಳಿಗ್ಗೆ ಇಸ್ತ್ರಿಯಾದ ಶರ್ಟು ಪ್ಯಾಂಟಿನಲ್ಲಿ, ತೊಟ್ಟಿಯ ಪಕ್ಕದ ಮಣೆಯ ಮೇಲೆ, ಮೀನುಗಳಿಗೆ ಮುಖ ಮಾಡಿ ಕೂರತೊಡಗಿದ. ಮುಖ ಮಾಡಲೇಬೇಕೆಂಬುದು ಆಂಟಿಯ ಸೇರ್ಪಡೆ. ಇಲ್ಲದಿದ್ದರೆ ಅವಕ್ಕೆ ಹೇಗೆ ತಿಳಿಯಬೇಕು? ಹಣೆಗೆ ಕುಂಕುಮ ಹಚ್ಚುತ್ತಿದ್ದರು. ಸರದಿಯಲ್ಲಿ ನಿಂತ ಹೆಂಗಸರು ಒಬ್ಬೊಬ್ಬರಾಗಿ ಬಡಿಸುತ್ತಿದ್ದರು. ಒಬ್ಬರದು ತಿಂದು ಇನ್ನೊಬ್ಬರದು ಬಿಡುವ ಹಾಗಿರಲಿಲ್ಲ.

"ಒಂದೇ ಪೂರಿ ಸಾಕು ಆಂಟಿ."

"ಒಂದು ನಿನಗೆ. ಉಳಿದವು ಇವಕ್ಕೆ. ಎಷ್ಟು ಮೀನಿವೆ ನೋಡು!"

"ಚಂದ್ರು, ಆ ಚಿಕ್ಕದಿದೆಯಲ್ಲ, ಅದರದ್ದು ಅರ್ಧ ಸಾಕು," ಎಂದು ಅದಿತಿ ಸಹಾಯಕ್ಕೆ ಬಂದಳು.

"ನೀನು ಮಾತಾಡಬೇಡ," ಎಂದ ಚಂದ್ರಕಾಂತ ಬಾಯಿ ತುಂಬಿಕೊಂಡು. "ಆ ಜಾಯಿಂಟ್ ಸೆಕ್ರೆಟರಿ ನನ್ನನ್ನೇ ನೋಡ್ತಾ ಇದಾನೆ. ಆಫೀಸಲ್ಲಿ ನೋಡೋ ಹಾಗೇ."

ಅವನ ಚಾರ್ಟರ್ಡ್ ಬಸ್ಸು ತಪ್ಪತೊಡಗಿತು. ಬೆಲ್ಟಿನಲ್ಲಿ ತೂತುಗಳು ಮುಗಿದವು. ಮಧ್ಯಾಹ್ನ ಆಫೀಸಿನಲ್ಲಿ ಕುಟ್ಟು ಹಿಟ್ಟಿನ ತೇಗು ಬಂದಾಗ ಪಕ್ಕದ ಮೇಜಿನವರು ಫೈಲು ಎತ್ತಿ ಮುಖಕ್ಕೆ ಹಿಡಿಯುತ್ತಿದ್ದರು. ರಾತ್ರಿ ಅವನು ಸಾರು ಅನ್ನ ನೋಡಿ, ತಿನ್ನಲು ಜಾಗವಿಲ್ಲದೆ, ತಟ್ಟೆಯನ್ನು ಸುಮ್ಮನೆ ಮೂಸಿ ಎದ್ದುಹೋಗುತ್ತಿದ್ದ.

ಅದಿತಿ ಮಾತ್ರ ಒಂದು ಗಳಿಗೆಯನ್ನೂ ಬಿಡಲಿಲ್ಲ. ಅಂಟಾಗಿದ್ದ ಸಾಬೂದಾನಿಯನ್ನು ಪೈಪಿನಿಂದ ಎಳೆದು ತೆಗೆದಳು. ಡ್ರಮ್ಮಿನ ನೀರನ್ನು ಮಗ್ಗಿನಿಂದ ಗೋಡೆಯುದ್ದಕ್ಕೂ ಸದ್ದಾಗದಂತೆ ಬಿಟ್ಟಳು. ಚಪ್ಪರಕ್ಕೆ ಇನ್ನೊಂದು ಸೀರೆ ಸೇರಿತು, ಅದು ಶಾರದಮ್ಮನದು. ಕೇಳದೆ ತಾವೇ ತಂದುಕೊಟ್ಟಿದ್ದರು. ನೀರು ಹಸಿರಿನಿಂದ ಹಳದಿಗೆ, ಹಳದಿಯಿಂದ ತೆಳುವಾದ ಚಹದ ಬಣ್ಣಕ್ಕೆ ಬಂತು. ಹೂಕುಂಡದ ಕಂಠ ಕಂಡಿತು, ಆಮೇಲೆ ಹೊಟ್ಟೆ, ಶನಿವಾರ ಸಂಜೆಗೆ ಬುಡ.

ಭಾನುವಾರ ಭಾಟಿಯಾ ಬಂದರು. ಹಗಲು ಬೆಳಕಿನಲ್ಲಿ ಟಾರ್ಚ್ ಹಿಡಿದು ಬಂದಿದ್ದರು. ಮೊಣಕಾಲೂರಿ ಬಗ್ಗಿದರು. ಬೆಳಕು ನೀರನ್ನು ದಾಟಿ ತಳದ ಸಿಮೆಂಟಿನ ಮೇಲೆ ಬಿತ್ತು, ಅಲ್ಲಿ ಮುಚ್ಚಿಸಿದ್ದ ಬಿರುಕಿನುದ್ದಕ್ಕೂ ಹರಿದಾಡಿತು. ಮೀನುಗಳು ಬೆಳಕಿಗೆ ಬೆದರಿ ಅತ್ತಿತ್ತ ಸರಿದವು. ಶಾರದಮ್ಮ ಬಾಯಲ್ಲೇ ಏನೋ ಪಠಿಸುತ್ತಿದ್ದರು.

"ಸೊಳ್ಳೆ ಮರಿ ಒಂದೂ ಇಲ್ಲ," ಎಂದರು ಭಾಟಿಯಾ ಏಳುತ್ತ. ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು. ಮಣ್ಣಿನ ಗಾಡಿಯವನಿಗೆ ಆಗಲೇ ಹೇಳಿಬಿಟ್ಟಿದ್ದರು. "ಠೀಕ್ ಹೈ. ಇರಲಿ."

ಅದಿತಿ ಅತ್ತೆಯ ಕೈ ಹಿಡಿದು ಅದುಮಿದಳು.

"ಆದರೆ ಚಳಿ ಬರುವವರೆಗೂ ಪ್ರತಿ ಸಂಡೇ ಬಂದು ನೋಡ್ತೀನಿ. ಒಂದು ದಿನ ತಳ ಕಾಣಿಸದಿದ್ರೂ ಮಿಟ್ಟಿ," ಎಂದರು ಭಾಟಿಯಾ.

"ಬನ್ನಿ ಅಂಕಲ್," ಎಂದಳು ಅದಿತಿ. "ಪ್ರತಿ ಸಂಡೇ ಬನ್ನಿ."

ಅಷ್ಟರಲ್ಲಿ ಅವರ ಹಿಂದೆ ಗೇಟು ಕಿರುಗುಟ್ಟಿತು. ಆಂಟಿ ತಟ್ಟೆ ಹಿಡಿದು ಬಂದರು. ಹಿಂದಿನ ತಟ್ಟೆಗಳಿಗಿಂತ ದೊಡ್ಡದು. ಬಟ್ಟೆ ಸರಿಸಿದರು. ಪೂರಿಗಳ ಗೋಪುರ, ಪಕ್ಕದಲ್ಲಿ ತುಪ್ಪ ಸೋರುವ ಸಿಂಘಾಡಾ ಹಿಟ್ಟಿನ ಹಲ್ವಾ.

"ನಮ್ಮ ವ್ರತ ಇವತ್ತಿಗೆ ಮುಗೀತು," ಎಂದರು. "ಆದರೆ ಇವುಗಳದ್ದು ಕಾರ್ತಿಕದವರೆಗೂ ಇದೆಯಂತಲ್ಲ, ನಿಮ್ಮ ಮಾತಾಜಿ ಹೇಳಿದ್ರು. ಎಲ್ಲರೂ ಸೇರಿ ಮಾತಾಡಿಕೊಂಡಿದೀವಿ. ದಿನಕ್ಕೊಂದು ಮನೆಯಿಂದ ಬರುತ್ತೆ. ಇವತ್ತು ನನ್ನದು. ಚಲೋ ಬೇಟಾ, ಕೂತ್ಕೋ."

ಚಂದ್ರಕಾಂತ ಬಾಗಿಲಲ್ಲಿ ನಿಂತಿದ್ದ. ಸಡಿಲವಾದ ಪೈಜಾಮ ಹಾಕಿದ್ದ. ಆಂಟಿ ತಾವೇ ಮಣೆ ಎಳೆದು ತೊಟ್ಟಿಯ ಪಕ್ಕಕ್ಕಿಟ್ಟರು. ಶಾರದಮ್ಮ ಮಗನನ್ನು ನೋಡಿದರು. ಅದಿತಿ ಗಂಡನನ್ನು ನೋಡಿದಳು, ಮದುವೆಯ ನಂತರ ಅಷ್ಟು ಪ್ರೀತಿಯಿಂದ ಎಂದೂ ನೋಡಿರಲಿಲ್ಲ. ತಟ್ಟೆ ಆಂಟಿಯ ಕೈಯಲ್ಲಿ, ನೀರಿನಿಂದ ಗೇಣುದೂರದಲ್ಲಿ, ಸ್ವಲ್ಪ ಓರೆಯಾಗಿ ಕಾಯುತ್ತಿತ್ತು. ಕೆಳಗೆ ಜಾಯಿಂಟ್ ಸೆಕ್ರೆಟರಿ ಮೇಲಕ್ಕೆ ತೇಲಿಬಂದು ಬಾಯಿ ತೆರೆದ.

"ರೀ," ಎಂದಳು ಅದಿತಿ, ಬಹಳ ಮೆತ್ತಗೆ. "ಇವತ್ತೊಂದಿನ."

ಚಂದ್ರಕಾಂತ ಹಲ್ವಾ ನೋಡಿದ. ಮಣೆ ನೋಡಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಹೀ," ಎಂದ. ಆಮೇಲೆ ಹಿಂದಿ ಬರದವರಿಗೂ ಸಂಶಯ ಉಳಿಯಬಾರದೆಂದು ಕನ್ನಡದಲ್ಲಿ ಹೇಳಿದ: "ತಿನ್ನೋದಿಲ್ಲ."